ಅಂಗಡಿಯ ಮುಖ ಯಾವ ಕಡೆಗೆ?

ಟೆಕ್ಸಾಸ್‌ನ ವ್ಯಾಪಾರದ ಚರಿತ್ರೆಯನ್ನು, ಅಂಗಡಿಗಳು ಯಾವ ಕಡೆಗೆ ಮುಖ ಮಾಡಿದ್ದವು ಎಂಬುದೊಂದರಿಂದಲೇ ಬಹುಮಟ್ಟಿಗೆ ಓದಬಹುದು. 66ನೇ ಹೆದ್ದಾರಿಯ ಶ್ಯಾಮ್‌ರಾಕ್ ಊರಿನಲ್ಲಿ 1936ರಲ್ಲಿ ತೆರೆದ ‘ಯು-ಡ್ರಾಪ್ ಇನ್’ ಎಂಬ ಉಪಾಹಾರ ಗೃಹವೂ ಅದಕ್ಕೆ ಅಂಟಿಕೊಂಡ ಪೆಟ್ರೋಲ್ ಬಂಕೂ, ಕಾರಿನಲ್ಲಿ ಹೋಗುವವರ ಕಣ್ಣಿಗೆ ದೂರದಿಂದಲೇ ಬೀಳಲೆಂದು ಎತ್ತರದ ಗೋಪುರವನ್ನೂ ನಿಯಾನ್ ದೀಪಗಳನ್ನೂ ಹೊತ್ತು ರಸ್ತೆಯನ್ನೇ ನೋಡುತ್ತಿದ್ದವು. ಆದರೆ 1931ರಲ್ಲೇ ಡಲ್ಲಾಸ್ ಪಕ್ಕದ ಹೈಲ್ಯಾಂಡ್ ಪಾರ್ಕ್ ವಿಲೇಜ್‌ನ ಮಳಿಗೆಗಳು ಬೀದಿಗೆ ಬೆನ್ನು ಹಾಕಿ ತಮ್ಮದೇ ಪಾರ್ಕಿಂಗ್ ಅಂಗಳದತ್ತ ತಿರುಗಿದ್ದವು. ಮಾಲ್, ಅಂದರೆ ಒಂದೇ ಚಾವಣಿಯಡಿ ಹವಾನಿಯಂತ್ರಿತ ಓಣಿಗಳ ಇಕ್ಕೆಲಗಳಲ್ಲಿ ಮಳಿಗೆಗಳನ್ನು ಜೋಡಿಸಿದ ಕಟ್ಟಡ, ಆ ತಿರುವಿನ ತುದಿ (ಅಲ್ಲಿನ ಬೇಸಿಗೆಯೂ ಒತ್ತಾಸೆಯಾಗಿ ನಿಂತಿತೆನ್ನಿ). ಆಸ್ಟಿನ್‌ನಲ್ಲಿ 1971ರಲ್ಲಿ ತೆರೆದ ಹೈಲ್ಯಾಂಡ್ ಮಾಲ್ 2015ರಲ್ಲಿ ಮುಚ್ಚಿತು; ಬಟ್ಟೆಬರೆ ಮಾರುತ್ತಿದ್ದ ಜೆ.ಸಿ. ಪೆನ್ನಿ ಮಳಿಗೆಯ ಜಾಗದಲ್ಲಿ ಈಗ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳು ಸಾಲುಸಾಲು ಕಂಪ್ಯೂಟರ್‌ಗಳ ಮುಂದೆ ಕೂತು ಕಲಿಯುತ್ತಾರೆ. ಇತ್ತ ಬಕ್-ಈಸ್ ಎಂಬ ಬಂಕ್ ಸರಣಿ ಮತ್ತೆ ಹೆದ್ದಾರಿಗೇ ಮುಖ ಮಾಡಿ, 2024ರಲ್ಲಿ ಲುಲಿಂಗ್‌ನಲ್ಲಿ ಸುಮಾರು 75,000 ಚದರ ಅಡಿಯ ಮಳಿಗೆ ತೆರೆದಿದೆ. ಆದರೆ ಭಾರೀ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಹೆದ್ದಾರಿಯ ಹಳೆಯ ಗಿರಾಕಿಯನ್ನೇ ಹೊರಗಿಟ್ಟ ಇದನ್ನು ರಸ್ತೆಬದಿಯ ಅಂಗಡಿ ಎನ್ನಬೇಕೇ, ಮಾಲ್ ಎನ್ನಬೇಕೇ? ಬಲ್ಲವರು ತಿಳಿಸಬಹುದು.