ಭಿನ್ನಮತಕ್ಕೂ ಒಂದು ಜಾಗ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಾದ ನಮಗೆ ವಾದ ಹೊಸದೇನಲ್ಲ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಯಾಕೆ ಮುಚ್ಚಿತೆಂದು ಕೇಳಿ ನೋಡಿ. ಸರಕಾರ ಕೈಬಿಟ್ಟದ್ದರಿಂದ ಎಂದು ಒಬ್ಬರು, ಸರಕಾರ ಕೈ ಹಾಕಿದ್ದರಿಂದಲೇ ಎಂದು ಇನ್ನೊಬ್ಬರು. ಹಿಂದೆ ಚಹಾ ಆರುವವರೆಗೂ ಇಂಥ ಮಾತು ನಡೆಯುತ್ತಿತ್ತು, ಎದ್ದು ಹೋಗುವಾಗ ಇಬ್ಬರ ಚಹಾದ ದುಡ್ಡನ್ನೂ ಒಬ್ಬರೇ ಕೊಡುತ್ತಿದ್ದರು. ಈಗ ಬಾಯಿ ತೆರೆಯುವ ಮೊದಲೇ ಎದುರಿನವರ ಪಕ್ಷ ಯಾವುದು, ಧರ್ಮ ಯಾವುದು ಎಂದು ನೋಡುತ್ತೇವೆ.

ಇಂಥ ಹೊತ್ತಿನಲ್ಲಿ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ನಮಗೆ ನೆನಪಾಗುತ್ತಾರೆ. ಅವರು ಹುಟ್ಟಿದ್ದು 1905ರಲ್ಲಿ, ಇಂದು ಕಾಸರಗೋಡಿಗೆ ಸೇರಿದ ಬೆಳ್ಳಿಕೋತ್‌ನಲ್ಲಿ. ಆಗ ಬೆಳ್ಳಿಕೋತ್ ಮತ್ತು ಕುಂದಾಪುರ ಒಂದೇ ಜಿಲ್ಲೆಯಲ್ಲಿದ್ದವು.

1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ನೀಡಲು ಸರಕಾರ ಅರ್ಥಶಾಸ್ತ್ರಜ್ಞರ ಮಂಡಳಿಯೊಂದನ್ನು ಕೂಡಿಸಿತು. ಸಾರ್ವಜನಿಕ ರಂಗ ಮತ್ತು ಭಾರೀ ಕೈಗಾರಿಕೆಗೆ ಒತ್ತು ಕೊಟ್ಟ ಮಹಾಲನೋಬಿಸರ ದಾರಿಯನ್ನು ಉಳಿದವರು ಒಪ್ಪಿದರು. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಉಳಿತಾಯವಿಲ್ಲದೆ ನೋಟು ಮುದ್ರಿಸಿದರೆ ಬೆಲೆ ಏರುತ್ತದೆ ಎಂಬುದು ಅವರ ವಾದ. 4800 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ 1200 ಕೋಟಿ ಖೋತಾ ಹಣಕಾಸಿನಿಂದಲೇ ಬರಬೇಕಿತ್ತು. ಅವರ ಸಲಹೆ ಸ್ವೀಕಾರವಾಗಲಿಲ್ಲ, ಆದರೆ ಟಿಪ್ಪಣಿಯನ್ನು ಯಾರೂ ಹರಿದು ಎಸೆಯಲಿಲ್ಲ. ಅದು ಅಚ್ಚಾಗಿ ದಾಖಲೆಯಲ್ಲಿ ಉಳಿಯಿತು.

ಮುಂದೆ 1957ರಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳೂ ಎದ್ದು ನಿಂತವು. ಯಾರು ಸರಿ ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಗಿಯದ ವಾದವನ್ನು ಮುಂದುವರಿಸಲು ಎರಡೂ ಕಡೆಯ ಮಾತು ಉಳಿದಿರಬೇಕು.

ನಮ್ಮ ಪರಂಪರೆಗೂ ಇದು ಪರಕೀಯವಲ್ಲ. ಇಮಾಮ್ ಶಾಫಿಯವರು ಇಮಾಮ್ ಮಾಲಿಕರ ಶಿಷ್ಯರು. ಗುರುವಿನೊಂದಿಗೆ ಭಿನ್ನಾಭಿಪ್ರಾಯವಿದ್ದರೂ ಗೌರವ ಬಿಡಲಿಲ್ಲ. ನಮ್ಮ ಕರಾವಳಿಯ ಮಸೀದಿಗಳಲ್ಲಿ ಶಾಫಿಗಳೂ ಹನಫಿಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಮಾರುವವನನ್ನೇ ಹೊರಗಿಟ್ಟ ಸಂತೆಗೆ ಶೆಣೈಯವರ ಮಾರುಕಟ್ಟೆಯೂ ಮದ್ದಲ್ಲ, ಮಹಾಲನೋಬಿಸರ ಯೋಜನೆಯೂ ಮದ್ದಲ್ಲ. ಒಪ್ಪದವರ ಜೊತೆ ಕೂತು ಮಾತಾಡುವುದನ್ನು ನಾವು ಮತ್ತೆ ರೂಢಿ ಮಾಡಿಕೊಳ್ಳಬೇಕು. ಅದಕ್ಕೆ ಯಾರೂ ತಮ್ಮ ಅಭಿಪ್ರಾಯ ಬಿಡಬೇಕಾಗಿಲ್ಲ.