ಎಡಗಾಲಿನ ಕೆಲಸ

ಯೇವಲಾದಲ್ಲಿ ನನ್ನನ್ನು ಎಲ್ಲರೂ ‘ಬೆಂಗಳೂರ್‌ವಾಲೆ’ ಅಂತಲೇ ಕರೆಯುವುದು. ಇಲ್ಲಿನ ಪೈಠಣಿ ಮಗ್ಗಗಳಿಗೆ ರೇಷ್ಮೆ ನೂಲು ಬರುವುದು ಬೆಂಗಳೂರಿನಿಂದ, ಆ ನೂಲು ಮಾರುವವನು ನಾನು, ಮನೆಯಲ್ಲಿ ಆಡುವುದು ಕನ್ನಡ. ಅಲ್ಲಿಗೆ ಅವರ ಲೆಕ್ಕ ಸರಿಹೋಯಿತು. ನಾನು ಇಳಕಲ್ಲಿನವನು, ಬೆಂಗಳೂರು ಕಾಣುವುದು ಖರೀದಿಗೆ ಹೋದಾಗ ಮಾತ್ರ ಎಂದು 24 ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. “ಅದೇ, ಬೆಂಗಳೂರಿನ ಹತ್ತಿರದ ಇಳಕಲ್” ಎನ್ನುತ್ತಾರೆ. ನಾನೂರು ಕಿಲೋಮೀಟರ್ ದಾಟಿದ ಹತ್ತಿರ!

ಯೇವಲಾದಿಂದ ಇಳಕಲ್ಲಿಗೆ ಇನ್ನೂ ದೂರ. ಕೋಪರಗಾಂವ, ಶಿರಡಿ, ಅಹಿಲ್ಯಾನಗರ (ನಮ್ಮ ಬಾಯಲ್ಲಿ ಇನ್ನೂ ಬರೇ ‘ನಗರ’), ಕರಮಾಳಾ, ಟೆಂಭುರ್ಣಿ, ಸೋಲಾಪುರ, ವಿಜಯಪುರ, ಹುನಗುಂದ. ಸುಮಾರು 570 ಕಿಲೋಮೀಟರ್. ಮನ್ಮಾಡಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಸೋಲಾಪುರದಲ್ಲಿ ಇಳಿದು ಬಸ್ಸು ಹಿಡಿಯುವುದು ಒಂದು ದಾರಿ. ಆದರೆ ರಾತ್ರಿ ಹತ್ತಕ್ಕೆ ಫೋನು ಬಂದರೆ ರೈಲಿನ ವೇಳಾಪಟ್ಟಿ ಯಾರು ನೋಡುತ್ತಾರೆ? ಈಗ ನಮ್ಮ ದಕ್ಷಿಣಕ್ಕೇ, ಕೋಪರಗಾಂವದ ಹತ್ತಿರ, ಸಮೃದ್ಧಿ ಮಹಾಮಾರ್ಗ ಹಾದುಹೋಗಿದೆ. 701 ಕಿಲೋಮೀಟರ್, 2025ರ ಜೂನ್‌ನಲ್ಲಿ ಪೂರ್ತಿ ತೆರೆಯಿತು, ಗಂಟೆಗೆ 120ರ ತನಕ ಓಡಿಸಬಹುದು. ಅದು ಮುಂಬಯಿ ಕಡೆಯವರನ್ನು ನಾಗಪುರಕ್ಕೆ ಒಯ್ಯುತ್ತದೆ. ನಮ್ಮಂಥ ದಕ್ಷಿಣಕ್ಕೆ ಹೋಗುವವರು ಅದನ್ನು ದಾಟಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಾಲು ಹಿಡಿಯಬೇಕು. ಎರಡೆರಡು ಟ್ರಾಲಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಅದನ್ನು ಹಿಂದೆ ಹಾಕಬೇಕಾದರೆ ಕಾರಿಗೆ ಕಸುವು ಬೇಕು ನೋಡ್ರಿ.

ಐವತ್ತೆರಡರ ವಯಸ್ಸಿನಲ್ಲಿ ಜೋರಿನ ಜರ್ಮನ್ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಈ ಟ್ರ್ಯಾಕ್ಟರ್. ಉತ್ತರ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2014ರಲ್ಲಿ ಪುಣೆಯ ಗೆಳೆಯನೊಬ್ಬ ತನ್ನ ಹೊಸ ಪೋಲೋ ಜಿಟಿ ಟಿಡಿಐ ಕಾರನ್ನು ಒಂದು ಗಂಟೆ ನನ್ನ ಕೈಗೆ ಕೊಟ್ಟಿದ್ದ. ಒಂದೂವರೆ ಲೀಟರಿನ ಡೀಸೆಲ್, ಐದು ಗೇರು, 105 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಜರ್ಮನರು ಇದನ್ನು ಪರ್ಫಾರ್ಮೆನ್ಸ್ ಕಾರು ಎಂದರೆ ನಕ್ಕಾರು. ಆದರೆ ಮೂರನೇ ಗೇರಿನಲ್ಲಿ ಕಾಲೊತ್ತಿದಾಗ ಬೆನ್ನನ್ನು ಸೀಟಿಗೆ ಒತ್ತಿದ ಆ ಕೈ ಹತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಹೊಸದಂತೂ ಸಿಗುವ ಮಾತಿಲ್ಲ. ಬಿಎಸ್ 6 ನಿಯಮ ಬಂದ 2020ರ ಏಪ್ರಿಲ್‌ಗೆ ಡೀಸೆಲ್ ಪೋಲೋ ನಿಂತಿತು, ಚಾಕಣದ ಕಾರ್ಖಾನೆಯಲ್ಲಿ ಪೋಲೋ ತಯಾರಿಯೇ 2022ರಲ್ಲಿ ಮುಗಿಯಿತು. ಹೀಗಾಗಿ 2025ರ ಶ್ರಾವಣದಲ್ಲಿ ನಮ್ಮ ಹಳೇ ಕಾರನ್ನು ಕೊಟ್ಟು, ಮೇಲೆ ಐದು ಲಕ್ಷದ ಒಳಗೆ ಒಂದು ಸೆಕೆಂಡ್ ಹ್ಯಾಂಡ್ ಜಿಟಿ ಹುಡುಕಲು ಹೊರಟೆ. ಎರಡು ಸಿಕ್ಕವು. ಎರಡೂ 2015ರವು. ಪಶ್ಚಿಮಕ್ಕೆ ಎಂಬತ್ತು ಕಿಲೋಮೀಟರ್ ದೂರದ ನಾಸಿಕದಲ್ಲಿ ಕೆಂಪು ಜಿಟಿ ಟಿಎಸ್‌ಐ, ಪೆಟ್ರೋಲ್, ಆಟೋಮ್ಯಾಟಿಕ್. ಪೂರ್ವಕ್ಕೆ ನೂರು ದಾಟಿದರೆ ಸಂಭಾಜಿನಗರದಲ್ಲಿ ಬಿಳೀ ಜಿಟಿ ಟಿಡಿಐ, ಡೀಸೆಲ್, ಕೈಗೇರು. ನಾವು ನಡುವೆ.

ನನ್ನ ಮನಸ್ಸು ಮೊದಲೇ ಪೂರ್ವಕ್ಕೆ ತಿರುಗಿತ್ತು. ಆದರೂ ನ್ಯಾಯವಾಗಿ ಎರಡನ್ನೂ ನೋಡೋಣ ಎಂದು ಹೆಂಡತಿಯನ್ನು ಕರಕೊಂಡು ಮೊದಲ ಭಾನುವಾರ ಸಂಭಾಜಿನಗರಕ್ಕೇ ಹೋದೆ. ಆ ಊರಿನಲ್ಲಿ ಇಂಥ ಕಾರುಗಳ ನಾಡಿ ಬಲ್ಲ ಮೇಸ್ತ್ರಿಗಳಿದ್ದಾರೆ. ಶೇಂದ್ರಾದ ಸ್ಕೋಡಾ ಕಾರ್ಖಾನೆ 2001ರಿಂದ ಅಲ್ಲಿದೆ. ಸ್ಕೋಡಾ ಜೆಕ್ ಕಂಪನಿ ಹೌದು, ಆದರೆ 1991ರಿಂದ ಫೋಕ್ಸ್‌ವ್ಯಾಗನ್ ಬಳಗದ್ದೇ. ನನಗೆ ಸಿಕ್ಕ ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ ಒಂದು ಪಾಠ ಹೇಳಿದ. “ಅಣ್ಣಾ, ಆಕ್ಟೇವಿಯಾ ಆರ್‌ಎಸ್ 2004ರಲ್ಲಿ ಬಂದಾಗ ಕೈಗೇರು. 2011ರ ಲಾರಾ ಆರ್‌ಎಸ್ ಕೂಡ ಕೈಗೇರು. 2017ರಲ್ಲಿ ಆರ್‌ಎಸ್ 230 ಬಂತು, ಬರೀ ಆಟೋಮ್ಯಾಟಿಕ್. ದುನಿಯಾ ಯಾವ ಕಡೆ ಹೊರಟಿದೆ ನೀವೇ ನೋಡಿ.” ಹೇಳಿದ್ದು ಮರಾಠಿಯಲ್ಲಿ, ನಾನು ಕೇಳಿಸಿಕೊಂಡದ್ದು ದುಃಖದಲ್ಲಿ.

ಬಿಳೀ ಕಾರು ಚೆನ್ನಾಗಿತ್ತು. ಕ್ಲಚ್ ಎತ್ತರದಲ್ಲಿ ಹಿಡಿಯುತ್ತಿತ್ತು, ಅಂದರೆ ಪ್ಲೇಟು ಸವೆದಿದೆ, ಅದು ಬದಲಿಸಬಹುದಾದದ್ದು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಎಂಬುದಕ್ಕೆ ರಸೀದಿ ಇತ್ತು. ಜಾಲನಾ ರಸ್ತೆಯಲ್ಲಿ ಶೇಂದ್ರಾದ ತನಕ ಓಡಿಸಿದೆ. ಎರಡನೆಯದರಿಂದ ಮೂರಕ್ಕೆ ಗೇರು ಬೀಳುವಾಗ ಅಂಗೈಗೆ ಬರುವ ಆ ಸಣ್ಣ ಪೆಟ್ಟು ಇದೆಯಲ್ಲ, ಅದು ನನಗೆ ಅಪ್ಪನ ಕುಣಿಮಗ್ಗವನ್ನು ನೆನಪಿಸುತ್ತದೆ. ಕುಣಿಯೊಳಗೆ ಕಾಲು ಹಲಗೆ ತುಳಿಯುವುದು, ಕೈ ಲಾಳಿ ಎಳೆಯುವುದು. ಎರಡೂ ಕೂಡಿದಾಗಲೇ ನೇಯ್ಗೆ. ಕಾಲು ಒಂದು ಚೂರು ತಡವಾದರೆ ಅಪ್ಪ ತಲೆ ಎತ್ತದೆಯೇ “ಹ್ಞೂಂ” ಎನ್ನುತ್ತಿದ್ದ. ನನಗೆ ನೇಯ್ಗೆ ಬರಲಿಲ್ಲ. ಕಾಲು ಕೈ ಕೂಡಿದ್ದು ಕಾರಿನಲ್ಲಿ ಮಾತ್ರ.

ಹಿಂದಿರುಗುವಾಗ ಹೆಂಡತಿಗೆ ಸ್ಟೇರಿಂಗ್ ಕೊಟ್ಟೆ. ಆಕೆ ಡ್ರೈವಿಂಗ್ ಕಲಿತದ್ದು 2022ರಲ್ಲಿ, ಲೈಸೆನ್ಸ್ ಇದೆ. ಸಿಗ್ನಲ್ಲಿನಲ್ಲಿ ಮೂರು ಸಲ ಕಾರು ಆಫ್ ಆಯಿತು. ಮೂರನೇ ಸಲ ಹಿಂದಿನ ರಿಕ್ಷಾದವನು ಹಾರ್ನ್ ಒತ್ತಿಯೇ ಹಿಡಿದ. ಆಕೆ ಸುಮ್ಮನೆ ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆದಳು. ರೂಢಿ ಆಗ್ತದ ಬಿಡು ಅಂದೆ. ಹೇಳಿದ ದನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತೇನೋ.

ಮುಂದಿನ ಭಾನುವಾರ ನಾಸಿಕ. ಮಾಲೀಕರು ನಿವೃತ್ತ ಬ್ಯಾಂಕ್ ಅಧಿಕಾರಿ, ಕಾರಿಗಿಂತ ಅದರ ಫೈಲು ಜೋರು. ಈ ಕಾರಿನ ಗೇರ್‌ಬಾಕ್ಸ್ ಏಳು ಗೇರಿನ ಡಿಎಸ್‌ಜಿ. ಒಳಗೆ ಎರಡು ಕ್ಲಚ್. ಒಂದು ಬೆಸ ಸಂಖ್ಯೆಯ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು ಸಮ ಸಂಖ್ಯೆಯವನ್ನು. ಮೂರರಲ್ಲಿ ಓಡುವಾಗ ನಾಲ್ಕು ಆಗಲೇ ಸಿದ್ಧವಾಗಿ ನಿಂತಿರುತ್ತದೆ, ಒಂದು ಬಿಟ್ಟು ಇನ್ನೊಂದು ಹಿಡಿಯುವುದಷ್ಟೇ ಕೆಲಸ. ಯಾವ ಮನುಷ್ಯನ ಕೈಕಾಲಿಗೂ ಆ ವೇಗ ಇಲ್ಲ. ನನ್ನ ಹೆಮ್ಮೆಗೆ ಪೆಟ್ಟಾದರೂ ಇದನ್ನು ಒಪ್ಪಲೇಬೇಕು: ಓಟದ ಲೆಕ್ಕದಲ್ಲಿ ಕೈಗೇರು ಸೋತಿದೆ.

ಆದರೆ ದೋಷ ಹುಡುಕುವವನಿಗೆ ಬರಗಾಲವೆಲ್ಲಿ? ಆ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿದವಲ್ಲ, ಒಣ ಕ್ಲಚ್ಚುಗಳು. ಟ್ರಾಫಿಕ್ಕಿನಲ್ಲಿ ಆಮೆಯಂತೆ ತೆವಳಿಸಿದರೆ ಕಾಯುತ್ತವೆ. ಅವನ್ನು ಆಳುವ ಮೆಕಾಟ್ರಾನಿಕ್ ಎಂಬ ಪೆಟ್ಟಿಗೆ ಕೆಟ್ಟರೆ ಖರ್ಚು ಲಕ್ಷ ದಾಟಬಹುದು. ಬಿಸಿ, ತೇವದ ಹವೆಯಲ್ಲಿ ತೊಂದರೆ ಬರುತ್ತದೆಂದು 2013ರಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಲ್ಲಿ ಈ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆ ತೆಗೆಸಿ ಮಿನರಲ್ ಎಣ್ಣೆ ಹಾಕಿಸಲು ಹೊರಟಿತ್ತು. ಮೇಲೆ ಪೆಟ್ರೋಲು. ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆಸಿದ್ದು, ಹತ್ತು ವರ್ಷ ಹಿಂದಿನ ಕಾರು ಅದಕ್ಕೆಂದು ಮಾಡಿದ್ದಲ್ಲ. ರಬ್ಬರ್ ಪೈಪುಗಳ ಮೇಲೆ ಕಣ್ಣಿಡಬೇಕು, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಆ ಕಬ್ಬಿನ ಟ್ರ್ಯಾಕ್ಟರು ರಸ್ತೆಯಲ್ಲಿ ಕಾಡಿದ್ದು ಸಾಲದೆ ಈಗ ಟ್ಯಾಂಕಿನೊಳಗೂ ಬಂತು ಎಂದು ನಕ್ಕೆ. ಇಳಕಲ್ಲಿನಲ್ಲಿ ಕ್ಲಚ್ ಪ್ಲೇಟು ಯಾವ ಗ್ಯಾರೇಜಿನಲ್ಲೂ ಬದಲಿಸುತ್ತಾರೆ, ಈ ಪೆಟ್ಟಿಗೆ ಮುಟ್ಟುವವರು ಯಾರಿದ್ದಾರೆ? ಕರಮಾಳಾದ ಹತ್ತಿರ ನಡುರಾತ್ರಿ ನಿಂತರೆ?

ಹೆಂಡತಿ ಗಂಗಾಪುರ ರಸ್ತೆಯಲ್ಲಿ ಆ ಕಾರನ್ನು ಓಡಿಸಿದಳು. ಊರು ದಾಟಿ ದ್ರಾಕ್ಷಿ ತೋಟಗಳು ಸುರುವಾಗುವಲ್ಲಿ ರಸ್ತೆ ಬರಿದಾಗಿತ್ತು. ಮುಳ್ಳು ಎಂಬತ್ತು ತೋರಿಸಿತು, ತೊಂಬತ್ತು ತೋರಿಸಿತು. ಮುಂದಿನ ಟೆಂಪೋವನ್ನು ಕೇಳದೆ ಹೇಳದೆ ಹಿಂದೆ ಹಾಕಿದಳು. ನನ್ನ ಎಡಗಾಲು ಪಕ್ಕದ ಸೀಟಿನ ಕೆಳಗೆ ಇಲ್ಲದ ಕ್ಲಚ್ಚನ್ನು ತುಳಿಯುತ್ತಿತ್ತು. ಆಕೆಯ ಮುಖದಲ್ಲಿ ಆ ನಗು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ಆದರೂ ಮನೆಗೆ ಬಂದು ಬಿಳೀ ಕಾರಿನ ಪರವಾಗಿಯೇ ಮಾತು ಸುರು ಮಾಡಿದೆ. ಮೆಕಾಟ್ರಾನಿಕ್ ಅಂದೆ, ಎಥೆನಾಲ್ ಅಂದೆ. ಡೀಸೆಲ್ಲಿನ ಮೈಲೇಜು ಅಂದೆ. ಜರ್ಮನಿಯಲ್ಲಿ ಆಟೋಮ್ಯಾಟಿಕ್ಕಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಬಹಳ ಕಾಲ ಕೈಗೇರಿನ ಕಾರು ಓಡಿಸುವ ಹಕ್ಕೇ ಇರಲಿಲ್ಲ, 2021ರಲ್ಲಷ್ಟೇ ನಿಯಮ ಸಡಿಲಿಸಿದರು, ಅಂದರೆ ನಿಜವಾದ ಡ್ರೈವಿಂಗ್ ಯಾವುದೆಂದು ಅವರಿಗೇ ಗೊತ್ತಿದೆ ಎಂದೂ ಅಂದೆ. ಆಕೆ ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡಳು.

“ನಿಮಗ ಕಾರ ಬೇಕೋ, ಗೇರ ಬೇಕೋ?”

ಅದೇನು ಪ್ರಶ್ನೆ ಅಂದೆ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಒಲೆ ಸಣ್ಣ ಮಾಡಿದಳು.

“ಮಾವ ಹೋದ ರಾತ್ರಿ ನೀವು ಒಬ್ಬರ ಹೊಡದ್ರಿ. ನಾನು ಬಾಜೂಕ ಎಚ್ಚರಾನ ಇದ್ದೆ. ನೀವು ಢಾಬಾದಾಗ ಮಲಗಿದ್ರಿ, ನಾ ನಿಮ್ಮನ್ನ ಎಬ್ಬಿಸಲಿಲ್ಲ. ಎಬ್ಬಿಸಿ ಏನ್ ಮಾಡಾಕಿ? ನನಗ ಓಡ್ಸಾಕ ಬರ್ತಿರಲಿಲ್ಲಲ್ಲ.”

ಇದನ್ನು ನಾವು ಆರು ವರ್ಷ ಮಾತಾಡಿರಲಿಲ್ಲ. 2019ರ ಫೆಬ್ರುವರಿ. ಅಪ್ಪನಿಗೆ ಎದೆನೋವು ಎಂದು ಫೋನು ಬಂದದ್ದು ರಾತ್ರಿ ಒಂಬತ್ತೂವರೆಗೆ. ಇಡೀ ದಿನ ಅಂಗಡಿಯಲ್ಲಿ ನಿಂತವನು ಹಾಗೇ ಹೊರಟೆ. ಕಬ್ಬಿನ ಹಂಗಾಮು, ನಗರದ ತನಕ ಟ್ರ್ಯಾಕ್ಟರು. ಕರಮಾಳಾ ದಾಟಿದ ಮೇಲೆ ರಸ್ತೆ ಎರಡಾಗಿ ಕಾಣತೊಡಗಿತು. ಒಮ್ಮೆ ಎಡಗಡೆಯ ಚಕ್ರ ಮಣ್ಣಿಗೆ ಇಳಿದದ್ದು ಗೊತ್ತಾಗಿ ಮೈ ಬೆವರಿತು. ಒಂದು ಢಾಬಾದ ಎದುರು ನಿಲ್ಲಿಸಿ ಹತ್ತು ನಿಮಿಷ ಕಣ್ಣು ಮುಚ್ಚುತ್ತೇನೆ ಅಂದೆ. ಎಚ್ಚರವಾದಾಗ ಎರಡು ಗಂಟೆ ಕಳೆದಿತ್ತು. ಎಚ್ಚರ ಮಾಡಿದ್ದು ತಮ್ಮನ ಫೋನು. ಅಪ್ಪ ಹೋದ ಸುದ್ದಿ ಕೇಳಿದ್ದು ಆ ಢಾಬಾದ ಮುಂದೆ, ಕಾರಿನ ಸೀಟಿನಲ್ಲಿ. ಆ ಎರಡು ಗಂಟೆ ಓಡಿಸಿದ್ದರೂ ಇಳಕಲ್ ಮುಟ್ಟುತ್ತಿರಲಿಲ್ಲ, ಲೆಕ್ಕ ನನಗೂ ಗೊತ್ತಿದೆ. ನೂರು ಸಲ ಹಾಕಿದ್ದೇನೆ ಆ ಲೆಕ್ಕ.

ಆಕೆ 2022ರಲ್ಲಿ ಡ್ರೈವಿಂಗ್ ಕಲಿಯಲು ಹೋದದ್ದು ಯಾಕೆಂದು ನಾನು ಕೇಳಿರಲಿಲ್ಲ. ಹೊತ್ತು ಹೋಗಲಿಕ್ಕೆ ಎಂದುಕೊಂಡಿದ್ದೆ. ಕಲಿತು ಬಂದ ಮೇಲೆಯೂ ಊರಿನ ದಾರಿಯಲ್ಲಿ ಒಂದು ಸಲವೂ ಸ್ಟೇರಿಂಗ್ ಬಿಟ್ಟುಕೊಡಲಿಲ್ಲ. ಬಿಡು, ಕ್ಲಚ್ ಸುಡ್ತೀ ಅನ್ನುತ್ತಿದ್ದೆ.

ಬಿಳೀ ಕಾರಿನವನಿಗೆ ಸೋಮವಾರ ಫೋನು ಮಾಡಿ ಬೇಡವೆಂದೆ. ಕೆಂಪನ್ನು ಕೊಳ್ಳುವ ಮೊದಲು ಸಂಭಾಜಿನಗರದ ಆ ಮೇಸ್ತ್ರಿಯನ್ನೇ ನಾಸಿಕಕ್ಕೆ ಕರಕೊಂಡು ಹೋದೆ. ಅವನು ಇಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿದ. ಒಂದರಿಂದ ಎರಡಕ್ಕೆ ಹೋಗುವಾಗ ಅದುರುತ್ತದೆಯೇ ಎಂದು ಇಳಿಜಾರಿನಲ್ಲೂ ಏರಿನಲ್ಲೂ ತೆವಳಿಸಿ ನೋಡಿದ, ಸ್ಕ್ಯಾನರ್ ಹಚ್ಚಿ ಕ್ಲಚ್ಚು ಎಷ್ಟು ಸವೆದಿದೆ ಎಂದು ಓದಿದ, ಫೈಲಿನಲ್ಲಿ ಎಣ್ಣೆಯ ಬಿಲ್ಲು ಹುಡುಕಿದ. “ಸಿಗ್ನಲ್ಲಿನಲ್ಲಿ ಬ್ರೇಕು ಗಟ್ಟಿ ಹಿಡಿದು ನಿಲ್ಲಿ, ಅರ್ಧ ಬಿಟ್ಟು ತೆವಳಬೇಡಿ. ಅಷ್ಟೇ ಇದರ ಪಥ್ಯ” ಎಂದ. ಪಥ್ಯ ಆಕೆಗೆ ಚೆನ್ನಾಗಿ ಬರುತ್ತದೆ. ನಾನು ಮಾತ್ರ ಮೊದಲ ದಿನವೇ ವಿಂಚೂರ್ ಚೌಫುಲಿಯಲ್ಲಿ ಎಡಗಾಲಿನಿಂದ ಇಲ್ಲದ ಕ್ಲಚ್ಚು ಒತ್ತಲು ಹೋಗಿ ಬ್ರೇಕು ತುಳಿದೆ. ಹಿಂದೆ ಬರುತ್ತಿದ್ದ ಪೈಠಣಿ ಅಂಗಡಿಯ ಗೆಳೆಯ “ಕಾಯ್ ಬೆಂಗಳೂರ್‌ವಾಲೆ!” ಎಂದು ಕೂಗಿದ. ಅವನ ಮುಂದೆ ಕೈಮಗ್ಗವೇ ಶ್ರೇಷ್ಠ ಎನ್ನುತ್ತ, ಹಿಂದಿನ ಬಾಗಿಲಿನಿಂದ ಪವರ್‌ಲೂಮಿಗೂ ನೂಲು ಮಾರುವವನು ನಾನು. ಈ ಕಾರಿಗೆ ಅಷ್ಟು ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ.

ಡಿಸೆಂಬರಿನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಫೋನು ಬಂತು. ಮತ್ತೆ ರಾತ್ರಿಯೇ. ಎಲುಬು ಮುರಿದಿಲ್ಲ ಎಂದು ಗೊತ್ತಾದದ್ದು ಮರುದಿನ. ಈಗ ಕೋಲು ಹಿಡಿದು ಅಂಗಳದ ತನಕ ಬರುತ್ತಾಳೆ, ಯೇವಲಾಕ್ಕೆ ಬಾ ಎಂದರೆ ಮಗ್ಗ ಯಾರು ನೋಡ್ತಾರ ಎನ್ನುತ್ತಾಳೆ, ಆರು ವರ್ಷದಿಂದ ಯಾರೂ ಕೂಡದ ಮಗ್ಗ. ಆ ರಾತ್ರಿ ನಗರದ ತನಕ ನಾನು ಓಡಿಸಿದೆ. ಬೈಪಾಸಿನಲ್ಲಿ ಚಹಾ ಕುಡಿದು ಕೀಲಿಕೈ ಆಕೆಗೆ ಕೊಟ್ಟೆ. ಕರಮಾಳಾ ಬಂದಾಗ ಎಬ್ಬಿಸು ಅಂದಿದ್ದೆ.

ಕಣ್ಣು ಬಿಟ್ಟಾಗ ಒಂದು ಉದ್ದನೆಯ ಸೇತುವೆ ಹಿಂದೆ ಸರಿಯುತ್ತಿತ್ತು. ಕೆಳಗೆ ಕತ್ತಲಲ್ಲಿ ಭೀಮಾ. ಹೆಡ್‌ಲೈಟಿನ ಬೆಳಕಿಗೆ ಮೊದಲ ಕನ್ನಡ ಬೋರ್ಡು ಬಂತು.

“ಕರಮಾಳಾದಾಗ ಯಾಕ ಎಬ್ಬಿಸಲಿಲ್ಲ?”

“ಯಾಕ ಎಬ್ಬಿಸಬೇಕು? ಧೂಳಖೇಡ ಬಂತು. ವಿಜಾಪುರದ ತನಾ ಮಲಕೋರಿ.”