ಹಿಂದೆ ಕೂತ ಗಾಡಿ

ಮುಂದೆ ಹೋಗುತ್ತಿರುವ ಕಾರಿನ ಹಿಂಭಾಗ ನೋಡಿ ಒಳಗಿನ ಸಂಸಾರವನ್ನು ಊಹಿಸುವುದು ನನ್ನ ಹಳೆಯ ಚಾಳಿ. ಭಾನುವಾರ ಸಂಜೆ ಮೈಸೂರಿನ ಕಡೆಯಿಂದ ಬೆಂಗಳೂರಿಗೆ ಬರುವ ಕಾರು ಹಿಂದೆ ಕೂತಿದೆಯೆಂದರೆ ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆಯೂ ಅಕ್ಕಿ ಚೀಲವೂ ಇರಲೇಬೇಕು. ಊರಿಗೆ ಹೋಗುವಾಗ ಹಂಪ್ ಮೇಲೆ ಸಲೀಸಾಗಿ ದಾಟಿದ ಅದೇ ಕಾರು ಬರುವಾಗ ಹೊಟ್ಟೆ ಉಜ್ಜಿಸಿಕೊಂಡು ನರಳುತ್ತದೆ. ಇಂಥ ಸಂಸಾರಿಗಳಿಗೆಂದೇ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರುಗಳು ಅಂಗಡಿಯಲ್ಲಿ ಸಿಗುತ್ತವೆ. ಪಿಕಪ್ ಮತ್ತು ಲಾರಿಯವರ ದಾರಿ ಬೇರೆ. ಅವರು ನೇರವಾಗಿ ಗ್ಯಾರೇಜಿಗೆ ಹೋಗಿ "ಇನ್ನೊಂದು ಪ್ಲೇಟ್ ಹಾಕು" ಅನ್ನುತ್ತಾರೆ. ಕಮಾನಿಗೆ ಒಂದು ಪ್ಲೇಟ್ ಹೆಚ್ಚಾದ ಕೂಡಲೇ ಗಾಡಿ ಹೊರುವ ಭಾರವೂ ಹೆಚ್ಚಾಯಿತೆಂಬುದು ಅವರ ನಂಬಿಕೆ. ಆ ನಂಬಿಕೆ ಎಷ್ಟು ಸರಿ ಎಂಬುದನ್ನು ನಾನು ತಿಳಿದದ್ದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ, ನನ್ನ ತಂಗಿಯ ಮಗನ ಮನೆಯ ಮುಂದೆ, ಕೈಯಲ್ಲೊಂದು ಟಾರ್ಚ್ ಹಿಡಿದುಕೊಂಡು.

ಅಲ್ಲಿ ಜನ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಊರು ತಿರುಗುತ್ತಾರೆ. ಹಾಸಿಗೆ, ಒಲೆ, ಕಕ್ಕಸು, ನೀರಿನ ಟ್ಯಾಂಕು ಎಲ್ಲವೂ ಇರುವ ಟ್ರೇಲರು. ನಮ್ಮ ಹುಡುಗನೂ ಒಂದನ್ನು ಕೊಂಡಿದ್ದ. ಸಾಮಾನು ತುಂಬಿದರೆ ಸುಮಾರು 2000 ಕೆಜಿ. ಎಳೆಯುವುದು ಮೂರು ಸಾಲು ಸೀಟಿನ ಎಸ್‌ಯುವಿ. ಕೊಂಡಿ ಸಿಕ್ಕಿಸಿದ್ದೇ ತಡ, ಕಾರಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡತೊಡಗಿತು. ಹೆಡ್‌ಲೈಟಿನ ಬೆಳಕು ಎದುರುಮನೆಯ ಮಾಡಿಗೆ ಬಿತ್ತು.

"ಅಲ್ಲ ಕಣೋ, ಟ್ರೇಲರಿಗೆ ಅದರದೇ ಚಕ್ರ ಇವೆಯಲ್ಲ, ನಿನ್ನ ಕಾರ್ಯಾಕೆ ಕುಸಿಯಬೇಕು?" ಅಂದೆ.

"ಮಾವ, ಎತ್ತಿನಗಾಡಿ ನೆನಪು ಮಾಡ್ಕೊಳ್ಳಿ" ಅಂದ.

ಎರಡು ಚಕ್ರದ ಗಾಡಿಗೆ ಹುಲ್ಲು ಹೇರುವಾಗ ಮುಂಭಾರ, ಹಿಂಭಾರ ನೋಡಿಯೇ ಹೇರುತ್ತಾರೆ. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳಿನ ಜತ್ತಿಗೆ ಬಿಗಿಯುತ್ತದೆ. ಟ್ರೇಲರಿನ ಲೆಕ್ಕವೂ ಇದೇ. ಅದರ ಒಟ್ಟು ತೂಕದ ಶೇ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಮೆರಿಕದ ಪದ್ಧತಿ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಅತ್ತಿತ್ತ ಓಲಾಡತೊಡಗುತ್ತದೆ, ಕೊನೆಗೆ ಕಾರನ್ನೂ ಎಳೆದು ಮಗುಚಬಹುದು. ಯುರೋಪಿನವರು ಕೊಂಡಿಗೆ ಇದಕ್ಕಿಂತ ಬಹಳ ಕಡಿಮೆ ಭಾರ ಕೊಡುತ್ತಾರೆ. ಅವರ ಕ್ಯಾರವಾನುಗಳು ಹಗುರ, ವೇಗವೂ ಕಡಿಮೆ. ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದ ಟ್ರೇಲರು ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಟ್ರೇಲರು ಎಳೆಯುವವರಿಗೆ 55 ಮೈಲಿಯ ಮಿತಿ ಇದೆ. ಅದನ್ನು ಪಾಲಿಸುವವರು ಯಾರೆಂದು ನಾನು ಹೆದ್ದಾರಿಯುದ್ದಕ್ಕೂ ಹುಡುಕಿದೆ.

ಹುಡುಗ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದ. ಕೊಂಡಿಯ ಮೇಲೆ 250 ಕೆಜಿ. ಆದರೆ ಕೊಂಡಿ ಇರುವುದು ಹಿಂದಿನ ಚಕ್ರಗಳಿಗಿಂತ ಇನ್ನೂ 1.2 ಮೀಟರ್ ಆಚೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3 ಮೀಟರ್. ಹಿಂದಿನ ಚಕ್ರವೇ ಆನಿಕೆಯಾಗಿ ಇಡೀ ಕಾರು ಸನ್ನೆಗೋಲಾಗುತ್ತದೆ. ಹಾಗಾಗಿ ಹಿಂದಿನ ಚಕ್ರಗಳ ಮೇಲೆ ಹೆಚ್ಚುವುದು 250 ಅಲ್ಲ, 350 ಕೆಜಿ. ಮೇಲಿನ 100 ಕೆಜಿ ಮುಂದಿನ ಚಕ್ರಗಳಿಂದ ಕಳೆದುಹೋದದ್ದು. ಸ್ಟಿಯರಿಂಗ್ ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ದೊಡ್ಡ ಪಾಲು ಹೊರುವುದೂ ಮುಂದಿನ ಚಕ್ರ. ಅವೇ ಹಗುರಾದರೆ?

ಸ್ಪ್ರಿಂಗಿನ ವಿಷಯಕ್ಕೆ ಬಂದರೆ, ಅದಕ್ಕೊಂದು ಪ್ರಾಮಾಣಿಕ ಗುಣವಿದೆ. ಹೇರಿದಷ್ಟೇ ಕುಗ್ಗುತ್ತದೆ. 50 ಕೆಜಿಗೆ ಒಂದು ಸೆಂಟಿಮೀಟರ್ ಇಳಿಯುವ ಜೋಡಿಯಾದರೆ 350 ಕೆಜಿಗೆ ಏಳು. ಈ ನಿಯಮವನ್ನು ಕಂಡುಹಿಡಿದ ರಾಬರ್ಟ್ ಹುಕ್ ಮಾತ್ರ ಅಷ್ಟು ಸರಳ ಮನುಷ್ಯನಲ್ಲ. ಬೇರೆಯವರು ಎಗರಿಸಿಯಾರೆಂದು 1676ರಲ್ಲಿ ಅದರ ಅಕ್ಷರಗಳನ್ನು ಕಲಸುಮೇಲೋಗರ ಮಾಡಿ ಅಚ್ಚು ಹಾಕಿಸಿದ. ಒಗಟನ್ನು ತಾನೇ ಬಿಡಿಸಿ ಹೇಳಿದ್ದು 1678ರಲ್ಲಿ. ಎರಡು ವರ್ಷ ಆ ಅಕ್ಷರಗಳನ್ನು ನೋಡುತ್ತಾ ತಲೆ ಕೆರೆದುಕೊಂಡವರ ಬಗ್ಗೆ ನನಗೆ ಕನಿಕರವಿದೆ.

ಈಗ ಆಸರೆಯ ಮಾತು. ಅಂಗಡಿಯಲ್ಲಿ ಬಗೆಬಗೆಯವು ಇದ್ದವು. ಕಮಾನು ಇರುವ ಪಿಕಪ್‌ಗಳಿಗೆ ಹೆಚ್ಚುವರಿ ಪ್ಲೇಟ್, ಥೇಟ್ ನಮ್ಮ ಗ್ಯಾರೇಜಿನ ಪದ್ಧತಿ. ಅದಕ್ಕೆ ಮಾತು ಕಡಿಮೆ, ಕೆಲಸ ಗಟ್ಟಿ. ಆದರೆ ಟ್ರೇಲರು ಬಿಚ್ಚಿಟ್ಟ ಮೇಲೂ ಗಾಡಿ ಬಿರುಸಾಗಿಯೇ ಇರುತ್ತದೆ, ಖಾಲಿ ಗಾಡಿಯಲ್ಲಿ ಕೂತವರ ಹಲ್ಲು ಕಟಕಟ. ಇನ್ನೊಂದು ಟೊಳ್ಳು ರಬ್ಬರಿನ ದಿಂಡು. ಚಾಸಿಗೂ ಆಕ್ಸಲ್‌ಗೂ ನಡುವೆ ಮೂಲದಲ್ಲಿರುವ ತಡೆಗುಬ್ಬಿಯನ್ನು ತೆಗೆದು ಅಲ್ಲಿ ಕೂರಿಸುವುದು. ಖಾಲಿ ಇರುವಾಗ ಸ್ವಲ್ಪ ಸಂದು ಬಿಟ್ಟು ಸುಮ್ಮನಿರುತ್ತದೆ, ಭಾರ ಬಿದ್ದಾಗ ಮಾತ್ರ ತಾಗಿ ಹೆಗಲು ಕೊಡುತ್ತದೆ. ಗಾಳಿ ಸೋರುವ ಚಿಂತೆಯಿಲ್ಲ. ನನ್ನನ್ನು ಕೇಳಿದ್ದರೆ ಅದನ್ನೇ ಆರಿಸುತ್ತಿದ್ದೆ, ಯಾರೂ ಕೇಳಲಿಲ್ಲ. ನಮ್ಮ ಹುಡುಗ ತಂದದ್ದು ಕಾಯಿಲ್ ಒಳಗೆ ಕೂರುವ ಗಾಳಿ ಚೀಲ. ಒತ್ತಡ ಹೆಚ್ಚು ಕಡಿಮೆ ಮಾಡಬಹುದೆಂಬುದೇ ಅದರ ಆಕರ್ಷಣೆ.

ಕೆಲಸ ಶುರುವಾಗುವ ಮೊದಲು ಅವನು ಟೇಪು ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಂಡ. ಕಣ್ಣಳತೆಗೆ ಬಿಟ್ಟರೆ ಪ್ರತಿಯೊಬ್ಬರಿಗೂ ಗಾಡಿ ಬೇರೆ ಬೇರೆ ಎತ್ತರದಲ್ಲಿ ಕಾಣುತ್ತದೆ. ಮುಂದಿನ ಚಕ್ರಕ್ಕೆ ಅಡ್ಡೆ ಕೊಟ್ಟು, ಜಾಕಿ ಹಾಕಿ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡು ನಿಲ್ಲಿಸಿದ. ಆಕ್ಸಲ್ ಜೋತು ಬಿದ್ದು ಸ್ಪ್ರಿಂಗು ನೀಳವಾಯಿತು. ಒಳಗಿನ ತಡೆಗುಬ್ಬಿ ಕಿತ್ತು, ಗಾಳಿ ಪೂರ್ತಿ ಹಿಂಡಿದ ಚೀಲವನ್ನು ಸುರುಳಿ ಸುತ್ತಿ ಕಾಯಿಲ್ ಸುತ್ತುಗಳ ನಡುವೆ ತೂರಿಸಿದ. ಹೇಳುವುದಕ್ಕೆ ಒಂದು ವಾಕ್ಯ. ಮಾಡುವಾಗ ಅವನ ಬಾಯಿಂದ ಬಂದ ಕನ್ನಡವನ್ನು ಅವನ ತಾಯಿ ಕಲಿಸಿರಲಿಲ್ಲ. "ಟಾರ್ಚ್ ಇಲ್ಲಿ ಹಿಡೀರಿ ಮಾವ, ನನ್ನ ಮುಖಕ್ಕಲ್ಲ" ಎಂಬುದಷ್ಟೇ ಅಚ್ಚಿಗೆ ಯೋಗ್ಯ.

ನಿಜವಾದ ಜಾಣತನ ಬೇಕಾದದ್ದು ಗಾಳಿ ಕೊಳವೆ ಎಳೆಯುವಾಗ. ಸೈಲೆನ್ಸರಿನ ಹತ್ತಿರ ಹೋದರೆ ಪ್ಲಾಸ್ಟಿಕ್ ಕರಗುತ್ತದೆ, ಚೂಪು ಅಂಚಿಗೆ ತಾಗಿದರೆ ಸವೆಯುತ್ತದೆ. ಎರಡು ಚೀಲಗಳನ್ನೂ ಟೀ ಜಾಯಿಂಟಿನಲ್ಲಿ ಕೂಡಿಸಿ ಒಂದೇ ವಾಲ್ವಿಗೆ ತಂದರೆ ಗಾಳಿ ತುಂಬುವುದು ಸುಲಭ. ಆದರೆ ತಿರುವಿನಲ್ಲಿ ಒಂದು ಪಕ್ಕ ಒತ್ತಿದಾಗ ಅಲ್ಲಿಯ ಗಾಳಿ ಇನ್ನೊಂದು ಪಕ್ಕಕ್ಕೆ ಓಡಿಹೋಗುತ್ತದೆ. ಬೇಕಾದ ಕಡೆ ಆಸರೆ ಮಾಯ, ಗಾಡಿ ಇನ್ನಷ್ಟು ವಾಲುತ್ತದೆ. ಇವನು ಎರಡೂ ಪಕ್ಕಕ್ಕೆ ಬೇರೆ ಬೇರೆ ವಾಲ್ವು ಇಟ್ಟ. ಆಮೇಲೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಚೀಲಕ್ಕೆ ಹೆಚ್ಚೆಂದರೆ 35 ಪಿಎಸ್‌ಐ. ಖಾಲಿ ಓಡಿಸುವಾಗಲೂ 5ಕ್ಕಿಂತ ಇಳಿಸಬಾರದು, ಇಳಿಸಿದರೆ ಚೀಲ ಮುದುಡಿ ಸ್ಪ್ರಿಂಗಿಗೆ ಸಿಕ್ಕಿ ತೂತಾಗುತ್ತದೆ.

ಮತ್ತೆ ಟ್ರೇಲರು ಕಟ್ಟಿ ಗಾಳಿ ಹೊಡೆದ. ಕಾರಿನ ಹಿಂಭಾಗ ನಿಧಾನವಾಗಿ ಎದ್ದು ಮಟ್ಟಕ್ಕೆ ಬಂತು. ಎದುರುಮನೆಯವರು ಬಂದು ಹೆಬ್ಬೆರಳು ಎತ್ತಿ ಹೋದರು.

"ಆಯ್ತಲ್ಲ?" ಅಂದೆ.

"ನೋಡೋಕೆ ಆಯ್ತು, ಅಷ್ಟೆ" ಅಂದ. ಅವನ ಹಾಳೆಯ 350 ಅಲ್ಲೇ ಇತ್ತು, ಮುಂದಿನಿಂದ ಹೋದ 100 ಕೂಡ ಮರಳಿ ಬಂದಿರಲಿಲ್ಲ. ಚೀಲ ಗಾಡಿಯ ಮೈಯನ್ನು ಎತ್ತಿತೇ ಹೊರತು ಭಾರವನ್ನು ಕದಲಿಸಲಿಲ್ಲ. ಭಾರವನ್ನು ಮುಂದಿನ ಚಕ್ರಕ್ಕೆ ತಳ್ಳಬೇಕಾದರೆ ಸನ್ನೆಗೋಲಿನಂಥ ಕಂಬಿಗಳಿರುವ, ತೂಕ ಹಂಚುವ ಕೊಂಡಿಯೇ ಬೇಕು. ಅದನ್ನೂ ಅವನು ತಂದಿಟ್ಟಿದ್ದ. ಬರೀ ಚೀಲ ಊದಿಸಿ ಮಟ್ಟ ನೋಡಿ ತೃಪ್ತಿಪಟ್ಟವರಿಗೆ ಆ ಕೊಂಡಿಯ ನೆನಪೇ ಬರುವುದಿಲ್ಲ, ಗಾಡಿ ನೆಟ್ಟಗೆ ನಿಂತಿದೆಯಲ್ಲ! ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಗಾಡಿಯ ಒಟ್ಟು ತೂಕದ ಮಿತಿ, ಆಕ್ಸಲ್‌ಗಳ ಮಿತಿ ಅಚ್ಚಾದ ಚೀಟಿ ಇರುತ್ತದೆ. ಟಯರು, ಬೇರಿಂಗು, ಬ್ರೇಕು ಎಲ್ಲವನ್ನೂ ಲೆಕ್ಕ ಹಾಕಿ ಬರೆದದ್ದು ಅದು. ಸ್ಪ್ರಿಂಗಿಗೆ ಏನೇ ಊರುಗೋಲು ಕೊಟ್ಟರೂ ಆ ಅಂಕಿ ಬದಲಾಗುವುದಿಲ್ಲ. ನಮ್ಮ "ಇನ್ನೊಂದು ಪ್ಲೇಟ್ ಹಾಕು" ಗಿರಾಕಿಗಳಿಗೆ ಇದನ್ನು ಹೇಳಿದರೆ ನಗುತ್ತಾರೆ.

ಕೊಂಡಿಯನ್ನೂ ಕೂಡಿಸಿಕೊಂಡು ಹೆದ್ದಾರಿಯ ಲಾರಿ ತಂಗುದಾಣದಲ್ಲಿರುವ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಗೆ ಹೋದೆವು. ಅಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರು ಮೂರಕ್ಕೂ ಬೇರೆ ಬೇರೆ ತೂಕ ಬರುತ್ತದೆ. ಮುಂದೆ ಸರಿಹೋಗಿತ್ತು. ಹಿಂದಿನ ಆಕ್ಸಲ್ ಮಿತಿಗಿಂತ ಒಂದಿಷ್ಟು ಹೆಚ್ಚು.

"ಟ್ರೇಲರ್ ಮುಂಭಾಗದ ಸಾಮಾನೆಲ್ಲ ಹಿಂದಕ್ಕೆ ಸರಿಸಿದ್ರೆ?" ಅಂದಳು ಹುಡುಗನ ಹೆಂಡತಿ.

"ಹಿಂಭಾರ ಆಗುತ್ತಮ್ಮ, ಓಲಾಡುತ್ತೆ" ಎಂದು ನಾನು ಹಿರಿಯನ ಗತ್ತಿನಲ್ಲಿ ಹೇಳಿದೆ.

ಹಾಗಾದರೆ ಏನನ್ನಾದರೂ ಇಳಿಸಲೇಬೇಕು. ಹುಡುಗನ ಕಣ್ಣು ಮುಂದಿನ ಗೂಡಿನಲ್ಲಿದ್ದ ದೋಸೆ ಹಿಟ್ಟಿನ ಗ್ರೈಂಡರ್ ಮೇಲೆ ಬಿತ್ತು. ಕಲ್ಲಿನದು. ಕಾಡಿನಲ್ಲಿ ಗ್ರೈಂಡರ್ ಯಾಕೆ ಎಂದು ಅವನು, ನಾಲ್ಕು ದಿನ ಬ್ರೆಡ್ ತಿನ್ನೋರು ಯಾರು ಎಂದು ಅವಳು. ತೂಕದ ಚೀಟಿ ಇಬ್ಬರ ಕೈಯಲ್ಲೂ ಓಡಾಡಿತು. ಕೊನೆಗೆ ಅವಳೇ ಕೇಳಿದಳು, "ಮುಂದಿನ ಹಾಸಿಗೆ ಕೆಳಗಿನ ಟ್ಯಾಂಕಲ್ಲಿ ನೀರೆಷ್ಟಿದೆ?"

"ತುಂಬಿಸಿದೀನಿ. 150 ಲೀಟರ್."

"ಅಂದ್ರೆ 150 ಕೆಜಿ. ಅದನ್ನು ಇಲ್ಲೇ ಖಾಲಿ ಮಾಡಿ. ನೀರು ಹೋದ ಕಡೆ ನಲ್ಲಿಯಲ್ಲಿ ಸಿಗುತ್ತೆ, ಗ್ರೈಂಡರ್ ಸಿಗಲ್ಲ."